ರಾಮ ಭಟ್ಟರ ಎಡಗಾಲು

ವಾನಳ್ಳಿ ಕಡೆಯ ಅಡುಗೆ ರಾಮ ಭಟ್ಟರು ಪಂಚೆಯನ್ನು ಹಿಮ್ಮಡಿಯವರೆಗೆ ಇಳಿಬಿಟ್ಟೇ ಒಲೆಯ ಮುಂದೆ ನಿಲ್ಲುವವರು. ಉಳಿದ ಅಡುಗೆಯವರೆಲ್ಲ ಮೊಣಕಾಲಿನ ಮೇಲೆ ಎತ್ತಿ ಕಟ್ಟಿ ಬೆವರು ಸುರಿಸುತ್ತ ಓಡಾಡುವಾಗ ಇವರೊಬ್ಬರು ಊಟಕ್ಕೆ ಬಂದ ನೆಂಟರ ಹಾಗೆ ಕಾಣುತ್ತಿದ್ದರು. ಜನ ಅದನ್ನು ದೊಡ್ಡಸ್ತಿಕೆ ಅಂದುಕೊಂಡಿದ್ದರು. ನಿಜ ಗೊತ್ತಿದ್ದದ್ದು ಹೆಂಡತಿ ಪರಿಮಳಾಗೆ ಮಾತ್ರ. ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಹಾಗಲಬಳ್ಳಿಯಂತೆ ಸುತ್ತಿಕೊಂಡು ಉಬ್ಬಿದ್ದವು. ಹಿಮ್ಮಡಿ ಗಂಟಿನ ಒಳಮಗ್ಗುಲ ಚರ್ಮ ಹಳೇ ಬಾಣಲೆಯ ತಳದಷ್ಟು ಕಪ್ಪಾಗಿ, ಗಟ್ಟಿಯಾಗಿ, ಹೊತ್ತು ಗೊತ್ತಿಲ್ಲದೆ ತುರಿಸುತ್ತಿತ್ತು. ಸಂಜೆಯಾದರೆ ಆ ಕಾಲು ತಮ್ಮದಲ್ಲ, ಯಾರೋ ಕಟ್ಟಿ ಕಳಿಸಿದ ಕಲ್ಲು ಎನಿಸುತ್ತಿತ್ತು. ಜೀವಮಾನವೆಲ್ಲ ನಿಂತೇ ಬೇಯಿಸಿದ ಕಾಲು ಅದು.

ಕಾಲಿಗಿಂತ ಹೆಚ್ಚು ಉರಿಯುತ್ತಿದ್ದದ್ದು ಹೊಟ್ಟೆ. ಆ ಉರಿಯ ಹೆಸರು ಕಿಶೋರ.

ಕಿಶೋರ ಇವರ ಕೈಕೆಳಗೇ ಸೌಟು ಹಿಡಿಯಲು ಕಲಿತವನು. ಸಾಂಬಾರಿಗೆ ಬೆಲ್ಲ ಯಾವಾಗ ಬೀಳಬೇಕು, ಹೋಳಿಗೆಯ ಕಣಕ ಎಷ್ಟು ಹೊತ್ತು ಎಣ್ಣೆ ಕುಡಿಯಬೇಕು ಎಂಬುದನ್ನೆಲ್ಲ ಇವರು ಬೈದು ಬೈದು ಕಲಿಸಿದ್ದರು. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲಿ ಚಪ್ಪರ ಬಿದ್ದರೂ ಮೊದಲ ಫೋನು ಅವನಿಗೆ. ಎರಡನೆಯದು ಇವರಿಗೆ. ಒಬ್ಬ ಯಜಮಾನನಂತೂ ಬಾಯಿಬಿಟ್ಟೇ ಹೇಳಿದ್ದ: "ಕಿಶೋರಂಗೆ ಪುರುಸೊತ್ತಿಲ್ಲೆ ಹೇಳ್ದ ರಾಮಣ್ಣಾ, ಅದ್ಕೇ ನಿಂಗೆ ಮಾಡ್ದಿ." ಆ ದಿನ ಭಟ್ಟರು ಅರ್ಧ ಊಟಕ್ಕೇ ಎಲೆ ಮಡಿಸಿದರು.

ಉಮ್ಮಚಗಿಯ ಒಂದು ಮನೆ ಮಾತ್ರ ಇವರ ಪಾಲಿಗೆ ಉಳಿದಿತ್ತು. ಆ ಮನೆಯ ಹುಡುಗಿ ಅಭಿಜ್ಞಾಳ ಮದುವೆ ಮಾರ್ಗಶಿರದಲ್ಲಿ. ಅವಳ ಅಪ್ಪ ಮನೆಗೇ ಬಂದು, "ಎಂಗಳ ಮನೆಲಿ ಮೊದಲ ಒಲೆ ನಿಂಗಳದ್ದೇ" ಎಂದು ಹೇಳಿ ಹೋಗಿದ್ದರು. ಮೊದಲ ಒಲೆ ಹಿಡಿದವನೇ ಅಡುಗೆಯ ಯಜಮಾನ, ಉಳಿದವರು ಅವನು ಹೇಳಿದ್ದು ಕೇಳುವವರು. ಭಟ್ಟರು ಆ ಒಂದು ಮಾತನ್ನು ಚಪ್ಪರಿಸುತ್ತ ಇಡೀ ಮಳೆಗಾಲ ಕಳೆದರು.

ಅದಕ್ಕೂ ಮೊದಲೇ ಕಿಶೋರನಿಗೆ ಕಾಲಿನದೂ ಒಂದು ಹೆಸರಾಗಿತ್ತು. ಬೇಸಿಗೆಯಲ್ಲಿ ಅವನು ಹುಬ್ಬಳ್ಳಿಗೆ ಹೋಗಿ ನರಕ್ಕೆ ಲೇಸರ್ ಮಾಡಿಸಿಕೊಂಡು ಬಂದು, ಮೊಣಕಾಲವರೆಗೆ ಬಿಗಿಯಾದ ಕಂದು ಕಾಲುಚೀಲ ಹಾಕಿಕೊಂಡು ಅಡುಗೆಮನೆಗೆ ಇಳಿದ. ಹೋದಲ್ಲೆಲ್ಲ ಹೆಂಗಸರು, ಗಂಡಸರು, "ಪಾಪ, ಕಾಲು ಹ್ಯಾಂಗಿದ್ದಾ ಕಿಶೋರ?" ಎಂದು ಕೇಳುವವರೇ. ತಮ್ಮ ಕಾಲು ಅದಕ್ಕಿಂತ ಹಳೆಯ ಕಾಲು, ಅದರ ಸುದ್ದಿ ಯಾರಿಗೂ ಬೇಡವಾಯಿತಲ್ಲ ಎಂದು ಭಟ್ಟರಿಗೆ ಅದರಲ್ಲೂ ಹೊಟ್ಟೆಕಿಚ್ಚು.

"ಎಂತದಾ ಕಿಶೋರ, ಸರ್ಕಸ್ಸಿಗೆ ಸೇರಿದ್ಯನಾ?" ಎಂದು ಎಲ್ಲರೆದುರು ಕೇಳಿದರು.

"ಡಾಕ್ಟ್ರು ಹಾಕ್ಯಳವು ಹೇಳಿದ್ದ ರಾಮಣ್ಣಾ."

"ಎಂಗಳ ಕಾಲದಲ್ಲಿ ಕಾಲಿಗೆ ಮಸಿ ಹತ್ತಿದ್ರೆ ಸಾಕಿತ್ತು. ಈಗ ಹುಳಿ ಬೇಯ್ಸಲೂ ಕಾಲುಚೀಲ ಬೇಕಾತು."

ನಗಬೇಕಾದವರು ನಕ್ಕರು. ಕಿಶೋರ ಮಾತ್ರ ನಗದೆ, ಭಟ್ಟರ ಪಂಚೆಯ ಅಂಚಿನ ಕಡೆ ಒಮ್ಮೆ ನೋಡಿ ತೆಂಗಿನಕಾಯಿ ತುರಿಯಲು ಹೋದ.

ಶ್ರಾವಣದಲ್ಲಿ ಸಿದ್ದಾಪುರದ ಹತ್ತಿರ ಒಂದು ವ್ರತದ ಊಟ. ಬಾಳೆಎಲೆ ತರಲು ಹಿತ್ತಿಲಿಗೆ ಹೋಗಿಬಂದ ಭಟ್ಟರ ಪಾದದ ಮೇಲೆ ರಕ್ತ ಇಳಿಯುತ್ತಿತ್ತು. ಕಟ್ಟಿಗೆ ಒಡೆಯುವ ಜಟ್ಟಪ್ಪ ಮೊದಲು ಕಂಡವನು.

"ಭಟ್ರೇ, ಉಂಬಳ ಕಚ್ಚೈತಿ ನೋಡ್ರಾ. ಕುಡ್ದು ಬಿದ್ದೋಗೈತಿ."

ಶ್ರಾವಣದಲ್ಲಿ ಕಾಲಿನ ರಕ್ತ ಕಂಡು ಹೆದರುವವರು ಈ ಸೀಮೆಯಲ್ಲಿ ಯಾರಿದ್ದಾರೆ? ನೋವಿಲ್ಲ, ಉರಿಯಿಲ್ಲ, ತೆಳ್ಳಗೆ ಹರಿಯುತ್ತದೆ, ಬೇಗ ನಿಲ್ಲುವುದಿಲ್ಲ. ಉಂಬಳವೆಂಬ ಕಾಡುಜಿಗಣೆ ಕಚ್ಚಿದರೆ ಹಾಗೆಯೇ. ಭಟ್ಟರು ಎಲೆಯಡಿಕೆ ಸಂಚಿಯಿಂದ ಸುಣ್ಣ ತೆಗೆದು ಒತ್ತಿದರು. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು. ಆದರೆ ಉಬ್ಬಿದ ನರದ ಮೇಲಿನ ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಾಗಿತ್ತು, ಸುಣ್ಣ ಅದನ್ನು ತಿಂದಿತು. ವಾರ ಕಳೆಯುವಷ್ಟರಲ್ಲಿ ಅಲ್ಲೊಂದು ಹುಣ್ಣು ಬಾಯಿ ತೆರೆದಿತ್ತು. ಅರಿಶಿನ, ಕೊಬ್ಬರಿ ಎಣ್ಣೆ, ಬಿಸಿನೀರಿನ ಶಾಖ, ಯಾವುದಕ್ಕೂ ಅದು ಮುಚ್ಚಲಿಲ್ಲ. ಪಂಚೆ ಇನ್ನಷ್ಟು ಕೆಳಗಿಳಿಯಿತು.

ನವರಾತ್ರಿಯಲ್ಲಿ ಯಲ್ಲಾಪುರದ ಒಂದು ಮನೆಯವರು ಇಬ್ಬರನ್ನೂ ಕರೆದಿದ್ದರು. ಒಲೆಯ ಕಾವಿಗೆ ಬೆಳಗಿನಿಂದ ನಿಂತಿದ್ದ ಭಟ್ಟರಿಗೆ ಪಾದ ಒದ್ದೆಯೆನಿಸಿತು. ನೋಡಿದರೆ, ಹುಣ್ಣಿನ ಪಕ್ಕದಿಂದ ರಕ್ತ ದಾರದಂತೆ ಚಿಮ್ಮಿ ಪಂಚೆಯನ್ನೆಲ್ಲ ತೋಯಿಸಿದೆ. "ಥತ್, ಈ ಉಂಬಳ" ಎಂದು ಅವರು ಸುಣ್ಣದ ಡಬ್ಬಿಗೆ ಕೈಹಾಕಿದರು.

"ಸುಣ್ಣ ಮುಟ್ಟಡಿ ರಾಮಣ್ಣಾ! ಮೊದಲು ಮನಿಕ್ಯಳಿ!"

ಕಿಶೋರ ಸೌಟು ಬಿಟ್ಟು ಓಡಿಬಂದಿದ್ದ. ಎಲ್ಲರೆದುರು ಭಟ್ಟರನ್ನು ಅಡುಗೆಮನೆಯ ನೆಲದ ಮೇಲೆ ಅಂಗಾತ ಮಲಗಿಸಿ, ಕಾಲನ್ನು ಅಕ್ಕಿ ಚೀಲದ ಮೇಲೆತ್ತಿಟ್ಟು, ಮಡಿಸಿದ ಬಟ್ಟೆಯನ್ನು ಹುಣ್ಣಿನ ಮೇಲೆ ಅಂಗೈಯಿಂದ ಒತ್ತಿ ಹಿಡಿದ. ಕಾಲು ಮೇಲೇರಿದ್ದೇ ತಡ, ರಕ್ತ ಇಳಿಮುಖವಾಗಿ ನಿಂತೇಹೋಯಿತು.

"ಉಂಬಳ ಕಚ್ಚಿರೆ ರಕ್ತ ಹೀಂಗೆ ಚಿಮ್ತಿಲ್ಲೆ ರಾಮಣ್ಣಾ. ನರ ಒಡದ್ದು. ಯಂಗೆ ಈ ಕಾಲು ಗೊತ್ತಿದ್ದು."

ಮಲಗಿದಲ್ಲಿಂದಲೇ ಭಟ್ಟರು ನೋಡಿದರು. ಒಂದು ಕೈಯಲ್ಲಿ ತಮ್ಮ ಕಾಲು ಒತ್ತಿಕೊಂಡು, ಕಿಶೋರ ಇನ್ನೊಂದು ಕೈಯಲ್ಲಿ ಅನ್ನ ಬಸಿಯುವವನಿಗೆ, ಒಗ್ಗರಣೆಯವನಿಗೆ ಸನ್ನೆ ಮಾಡುತ್ತಿದ್ದ. ಎಲ್ಲರೂ ಅವನ ಮಾತು ಕೇಳುತ್ತಿದ್ದರು. ತಮ್ಮ ಮೈಯ ರಕ್ತವೂ ಅವನ ಮಾತು ಕೇಳಿ ನಿಂತಿತಲ್ಲ! ಹುಣ್ಣಿಗೆ ಮೆಣಸು ಸವರಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಡಾಕ್ಟರ ಹತ್ತಿರ ಹೋಗಿ ಎಂದು ಕಿಶೋರ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಪರಿಮಳಾ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಕಿಶೋರ ಹೇಳಿದ್ದ ಹೇಳಿ ಹೋಗ್ತಿಲ್ಯ? ಹಂಗಾರೆ ನಾಳೆ ಅವ ಊಟ ಮಾಡಿ ಹೇಳಿರೆ ಉಪಾಸ ಬೀಳ್ತ್ರನ?"

"ಅವನ ಡಾಕ್ಟ್ರು ಯಂಗೆ ಬ್ಯಾಡ."

"ಅವನ ಡಾಕ್ಟ್ರಲ್ಲ, ನರದ ಡಾಕ್ಟ್ರು. ಏಳಿ ಸುಮ್ನೆ."

ಕಿಶೋರನ ಕಾಲು ನೋಡಿ ಹುಬ್ಬಳ್ಳಿಗೆ ಕಳಿಸಿದ್ದ ಶಿರಸಿಯ ಡಾಕ್ಟರು ಪ್ರತಿಭಾ, ಭಟ್ಟರನ್ನು ಮಲಗಿಸುವ ಮೊದಲು ಗಟ್ಟಿಯಾದ ಮಣೆಯ ಮೇಲೆ ನಿಲ್ಲಿಸಿ, ಪಂಚೆ ಎತ್ತಿಸಿ, ಸುತ್ತ ಬಂದು ನೋಡಿದರು. ಇಷ್ಟು ವರ್ಷ ಮುಚ್ಚಿಟ್ಟ ಕಾಲು ಬೆಳಕಿಗೆ ಬಂದಾಗ ಭಟ್ಟರು ಗೋಡೆಯ ಕಡೆ ಮುಖ ಮಾಡಿದರು. ಡಾಕ್ಟರು ಬಾವನ್ನು ಬೆರಳಲ್ಲಿ ಒತ್ತಿದರು, ಪಾದದ ನಾಡಿ ಹಿಡಿದರು. ಆಮೇಲೆ ಮಲಗಿಸಿ ಕಾಲು ಎತ್ತಿ ಹಿಡಿದಾಗ ಉಬ್ಬಿದ ನರಗಳೆಲ್ಲ ಬರಿದಾಗಿ ಚಪ್ಪಟೆಯಾದವು. ತೊಡೆಯ ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದು ನಿಲ್ಲಿಸಿದಾಗಲೂ ನರಗಳು ಬರಿದಾಗಿಯೇ ಇದ್ದವು. ಪಟ್ಟಿ ಬಿಚ್ಚಿದ್ದೇ, ಕಾಲುವೆಗೆ ನೀರು ಬಿಟ್ಟ ಹಾಗೆ ಮೇಲಿಂದ ಕೆಳಕ್ಕೆ ನರಗಳು ತುಂಬಿಕೊಂಡವು.

"ನೋಡಿದ್ರಾ ಭಟ್ರೇ? ರಕ್ತ ಮೇಲೆ ಹೋಗೋಕೆ ನರದೊಳಗೆ ಸಣ್ಣ ಸಣ್ಣ ಕದಗಳಿರ್ತವೆ. ನಿಮ್ಮ ತೊಡೆ ಬುಡದ ಕದ ಕೆಟ್ಟಿದೆ. ಮೇಲೆ ಹೋದದ್ದು ವಾಪಸ್ ಬೀಳ್ತಿದೆ, ಕೆಳಗೆ ನಿಂತು ಚರ್ಮ ಕೆಡಿಸ್ತಿದೆ."

ಸ್ಕ್ಯಾನಿನಲ್ಲೂ ಅದೇ ಕಂಡಿತು. ಸಕ್ಕರೆ ಕಾಯಿಲೆ ಇರಲಿಲ್ಲ. ಪಾದಕ್ಕೆ ಇಳಿಯುವ ರಕ್ತದ ಓಟ ಚೆನ್ನಾಗಿದ್ದುದರಿಂದ ಬಿಗಿ ಪಟ್ಟಿ ಕಟ್ಟಲು ಅಡ್ಡಿಯಿಲ್ಲವೆಂದರು. ಮೊದಲು ಪಟ್ಟಿ ಕಟ್ಟಿ ಹುಣ್ಣು ಮಾಯಿಸಬೇಕು, ಕುಳಿತಾಗ ಮಲಗಿದಾಗ ಕಾಲು ಎತ್ತರದಲ್ಲಿಡಬೇಕು, ನಡೆಯಬಹುದು, ನಿಲ್ಲಬಾರದು, ಶಾಖ ಬೇಡ, ಸುಣ್ಣವಂತೂ ಬೇಡವೇ ಬೇಡ. ಆಮೇಲೆ ಕೆಟ್ಟ ನರಕ್ಕೆ ಲೇಸರ್.

"ಮಾರ್ಗಶಿರದಲ್ಲಿ ಒಂದು ಮದುವೆ ಇದೆ. ಒಲೆ ಮುಂದೆ ನಿಲ್ಲಬೇಕು" ಎಂದರು ಭಟ್ಟರು.

"ನಿಂತರೆ ಮಾಯ್ತಾ ಇರೋ ಹುಣ್ಣು ಮತ್ತೆ ಬಾಯಿ ಬಿಡುತ್ತೆ. ಕೂತು ಹೇಳಿಕೊಡಿ."

ಭಟ್ಟರು ತಡೆದು ತಡೆದು ಕೇಳಿದರು: "ಕಿಶೋರನ ಕಾಲಿಗಿಂತ ಇದು ಜೋರಾ?"

"ಒಬ್ಬರ ಕಾಲಿನ ಸುದ್ದಿ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ" ಎಂದು ಡಾಕ್ಟರು ನಕ್ಕರು.

ಕಾರಿನಲ್ಲಿ ಕರೆತಂದಿದ್ದವನು ಕಿಶೋರನೇ. ವಾಪಸ್ ಬರುವಾಗ ಭಟ್ಟರು ಅವನನ್ನೇ ಕೇಳಿಬಿಟ್ಟರು. "ನಿಂಗೂ ಹುಣ್ಣಾಗಿತ್ತನಾ?"

"ಇಲ್ಲೆ ರಾಮಣ್ಣಾ. ಆನು ಕಾಲು ಭಾರ ಆಪಲೆ ಶುರುವಾದಾಗ್ಲೇ ಹೋಗಿದ್ದೆ."

ಕಾಯಿಲೆಯಲ್ಲಾದರೂ ತಾವು ಮುಂದು ಎಂದುಕೊಳ್ಳೋಣವೆಂದರೆ, ಮದ್ದಿನಲ್ಲಿ ಅವನೇ ಮುಂದಾಗಿದ್ದ.

"ನನ್ನ ಕಾಲು ನೋಡಿದ್ದೆ ಅಲ್ದಾ ನೀನು? ಎಂತಕ್ಕೆ ಹೇಳಿದ್ದಿಲ್ಲೆ?"

"ಹೇಳಿರೆ ನಿಂಗ ಬೈತಿದ್ರಿ."

ಬೈಯುತ್ತಿದ್ದುದು ನಿಜ. ಭಟ್ಟರು ಕಿಟಕಿಯ ಕಡೆ ತಿರುಗಿದರು. ಮನೆ ಮುಟ್ಟಿದ ಮೇಲೆ ಉಮ್ಮಚಗಿಗೆ ಫೋನು ಮಾಡಿ, ಮೊದಲ ಒಲೆ ಕಿಶೋರ ಹಿಡಿಯುತ್ತಾನೆ ಎಂದರು. ಅತ್ತಲಿಂದ ಅಭಿಜ್ಞಾಳ ಅಪ್ಪ, "ಅಯ್ಯೋ, ಅಡ್ಡಿಲ್ಲೆ ಬಿಡಿ, ಕಿಶೋರ ಆದ್ರೂ ಲಾಯ್ಕೇ ಮಾಡ್ತ" ಎಂದುಬಿಟ್ಟರು. ಇಷ್ಟು ಬೇಗ ಒಪ್ಪಿಕೊಳ್ಳಬಾರದಿತ್ತು.

ಮದುವೆಯ ದಿನ ಅಡುಗೆ ಚಪ್ಪರದ ಮೂಲೆಯಲ್ಲಿ ಭಟ್ಟರಿಗೊಂದು ಕುರ್ಚಿ, ಪಟ್ಟಿ ಕಟ್ಟಿದ ಕಾಲಿಗೊಂದು ಬೆಂಚು. ಹುಣ್ಣು ಅರ್ಧಕ್ಕರ್ಧ ಮುಚ್ಚಿತ್ತು. ಬೀನ್ಸ್ ಹೆಚ್ಚುತ್ತ ಅವರು ಕಿಶೋರನ ಕೈಯನ್ನೇ ಕಾಯುತ್ತಿದ್ದರು. ಎಲ್ಲಾದರೂ ತಪ್ಪಲಿ ಎಂದು. ಅವನ ಕೈ ಎಲ್ಲೂ ತಪ್ಪಲಿಲ್ಲ, ಅದೇ ಸಂಕಟ.

ಹೊತ್ತು ಏರಿದಾಗ ಅಭಿಜ್ಞಾಳ ಅಪ್ಪ ಕಿಶೋರನನ್ನು ಏನೋ ಕೇಳಲು ಚಪ್ಪರದ ಹೊರಗೆ ಕರೆದರು. ಸೌಟಾಡಿಸುತ್ತಿದ್ದವನೂ ನೀರು ಕುಡಿಯಲು ಸರಿದ. ಆಗ ಭಟ್ಟರ ಮೂಗಿಗೆ ಬಂತು: ಕಡಲೆಬೇಳೆ ಪಾಯಸ ತಳ ಹಿಡಿಯುವ ಮೊದಲಿನ ಆ ಎಳೆ ವಾಸನೆ. ಇನ್ನಾರಿಗೂ ಅದು ಗೊತ್ತಾಗುವ ಹೊತ್ತಲ್ಲ. ಸುಮ್ಮನಿದ್ದರೆ ಸಾಕು. ಪಂಕ್ತಿಯಲ್ಲಿ ಒಬ್ಬೊಬ್ಬರೇ ಪಾಯಸ ಎಲೆಯ ತುದಿಗೆ ಸರಿಸುತ್ತಾರೆ. ರಾಮಣ್ಣ ಒಲೆ ಹಿಡಿದಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತಾರೆ. ಆ ಮಾತು ಪಾಯಸಕ್ಕಿಂತ ಸಿಹಿಯಾಗಿ ನಾಲಿಗೆಗೆ ಬಂತು. ಭಟ್ಟರು ಇನ್ನೊಂದು ಹಿಡಿ ಬೀನ್ಸ್ ಎತ್ತಿಕೊಂಡರು, ಹೆಚ್ಚಿದರು. ವಾಸನೆ ಬಲಿಯಿತು. ಹೊಟ್ಟೆಕಿಚ್ಚನ್ನು ತಡೆದುಕೊಂಡು ಬಾಳಿದ್ದ ಜೀವಕ್ಕೆ ಸೀಯುವ ಪಾಯಸವನ್ನು ತಡೆದುಕೊಳ್ಳಲಾಗಲಿಲ್ಲ.

"ಜಟ್ಟಪ್ಪಾ, ಕೊಳ್ಳಿ ಎಳಿಯಾ! ಕಿಶೋರಾ, ಪಾಯಸಾ! ತಳಕ್ಕೆ ಸೌಟು ತಾಗ್ಸಡ, ಮೇಲಿಂದಷ್ಟೇ ಬೇರೆ ಪಾತ್ರೆಗೆ ತೆಗಿ!"

ಕೂಗುವ ಭರಕ್ಕೆ ಎದ್ದೇಬಿಟ್ಟಿದ್ದರು. ಓಡಿಬಂದ ಕಿಶೋರ ಪಾಯಸ ತೋಡುತ್ತಲೇ ಅಬ್ಬರಿಸಿದ: "ನಿಂಗ ಏಳಡಿ ಮಾರಾಯ್ರೇ! ಕಾಲು ಬೆಂಚಿನ ಮೇಲೆ!"

"ಕಾಲು ಎಲ್ಲಿಗೂ ಓಡಿಹೋಗ್ತಿಲ್ಲೆ. ಪಾಯಸ ನೋಡು."

ಜಟ್ಟಪ್ಪ ಉರಿಯುವ ಕೊಳ್ಳಿ ಹೊರಗೆಳೆಯುತ್ತ ನಕ್ಕ. "ಇಬ್ರ ಬಾಯಿ ಬಿಸಿಗೇ ಅನ್ನ ಬೇಯ್ತೈತ್ರಾ, ಕಟ್ಗೆ ಬ್ಯಾಡ!"

ಪಂಕ್ತಿಯಲ್ಲಿ ಪಾಯಸಕ್ಕೆ ಎರಡೆರಡು ಸಲ ಕೈ ಎದ್ದವು. "ಪಾಯಸ ಯಾರದ್ದು? ಕಿಶೋರಂದಾ?" ಎಂಬ ಮಾತು ಚಪ್ಪರ ದಾಟಿ ಮೂಲೆಯವರೆಗೂ ಬಂತು. ಭಟ್ಟರು ಹಲ್ಲು ಕಚ್ಚಿ ಕೇಳಿಸಿಕೊಂಡರು. ಎದ್ದು ಹೋಗಿ ನಡೆದದ್ದನ್ನು ಹೇಳಬಹುದಿತ್ತು. ಕಾಲು ಬೆಂಚಿನ ಮೇಲಿತ್ತು.

ಕಿಶೋರ ತಾನೇ ಎಲೆ ತಂದು ಅವರ ಮುಂದೆ ಹಾಸಿ, ಬಡಿಸಿ, ಕೈಕಟ್ಟಿ ನಿಂತ.

"ಹ್ಯಾಂಗಾಜು ರಾಮಣ್ಣಾ?"

ಭಟ್ಟರು ಪಾಯಸ ಬಾಯಿಗಿಟ್ಟರು. ಕುಂದು ಹುಡುಕಿದರು. ಸಿಗಲಿಲ್ಲ.

"ತಿಂಬಲಡ್ಡಿಲ್ಲೆ" ಎಂದು ಅವನ ಮುಖ ನೋಡದೆ ಎಲೆಯನ್ನು ಮುಂದಕ್ಕೆ ಸರಿಸಿದರು. "ಇನ್ನೊಂದು ಸೌಟು ಹಾಕು."