ಕೆನೆ ಸರಿಸಿ ತೆಗೆದ ಮೊಸರು

ವಿಜಯಮಹಾಂತೇಶ ಹೋಗಿ ಮೂರು ತಿಂಗಳಾಯಿತು. ನಲವತ್ತನಾಲ್ಕು ಸಾಯುವ ವಯಸ್ಸಲ್ಲ. ಶನಿವಾರ ಬಾದಾಮಿಯ ಆಫೀಸು ಮುಗಿಸಿ ಇಳಕಲ್ಲಿಗೆ ಬಂದವನು ಮನೆಯ ಕಟ್ಟೆಯ ಮೇಲೆ ಚಪ್ಪಲಿ ಬಿಚ್ಚುತ್ತ ಕೂತ. ಎರಡನೆಯ ಚಪ್ಪಲಿ ಕಾಲಲ್ಲೇ ಉಳಿಯಿತು.

ಹುನಗುಂದ ತಾಲ್ಲೂಕಿನ ಹೋಟೆಲಿನವರೂ ಎಣ್ಣೆ ಅಂಗಡಿಯವರೂ ಅವನನ್ನು 'ಸ್ಯಾಂಪಲ್ ಸಾಹೇಬ' ಎನ್ನುತ್ತಿದ್ದರು. ಅದು ಪ್ರೀತಿಯಿಂದ ಇಟ್ಟ ಹೆಸರಲ್ಲ. ಆಹಾರದಲ್ಲಿ ಕಲಬೆರಕೆ ಇದೆಯೇ ಎಂದು ನೋಡಲು ಮಾದರಿ ತೆಗೆದು, ಮೂರು ಬಾಟಲಿ ಮಾಡಿ, ಅರಗಿನ ಮುದ್ರೆ ಒತ್ತಿ, ಒಂದನ್ನು ಪ್ರಯೋಗಾಲಯಕ್ಕೆ ಕಳಿಸುವುದು ಅವನ ನೌಕರಿ. ವರದಿ ಕೆಟ್ಟದ್ದು ಬಂದರೆ ಕೇಸು. ನೇಕಾರರ ಮನೆಯ ಹುಡುಗ ಬಿ.ಎಸ್ಸಿ. ಮಾಡಿ ಸರಕಾರಿ ನಿರೀಕ್ಷಕನಾದದ್ದೇ ದೊಡ್ಡದು ಎಂದು ಮನೆಯವರು ತಿಳಿದಿದ್ದರು. ಅವನೂ ಬಹಳ ದಿನ ಹಾಗೆಯೇ ತಿಳಿದಿದ್ದ.

ಅವನನ್ನು ಮತ್ತೆ ಓದಿಗೆ ಕೂರಿಸಿದ್ದು ಒಬ್ಬ ವಕೀಲರ ಪ್ರಶ್ನೆ. ಎರಡು ಸಾವಿರದ ಏಳರಲ್ಲಿ, ಯಾವುದೋ ಹಾಲಿನ ಕೇಸಿನಲ್ಲಿ, ಬಾಟಲಿಗೆ ಫಾರ್ಮಲಿನ್ ಯಾಕೆ ಹಾಕುತ್ತೀರಿ ಎಂದು ಅವರು ಕೇಳಿದರು. ನಿಯಮದಲ್ಲಿದೆ ಎಂದ ಇವನು. ನಿಯಮದಲ್ಲಿ ಯಾಕಿದೆ ಎಂದು ಮತ್ತೆ ಕೇಳಿದರು. ಇವನು ನಿಯಮದ ನಂಬರು ಹೇಳಿದ. ಕೋರ್ಟಿನಲ್ಲಿದ್ದವರು ನಕ್ಕರು. ಹದಿನಾಲ್ಕು ವರ್ಷ ಹನಿ ಎಣಿಸಿ ಹಾಕಿದ್ದರ ಕಾರಣ ತನಗೇ ಗೊತ್ತಿರಲಿಲ್ಲ ಎಂಬುದು ಅವನಿಗೆ ಮುಳ್ಳಿನಂತೆ ನೆಟ್ಟಿತು. ಹೊಸ ಆಹಾರ ಕಾಯ್ದೆ ಆಗಲೇ ಪಾಸಾಗಿತ್ತು. ಅದು ಜಾರಿಗೆ ಬರುವುದರೊಳಗೆ ತಾನು ಬುಡದಿಂದ ಕಲಿಯಬೇಕೆಂದು ಹಟ ಹಿಡಿದ. ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯ ಆಹಾರ ಕಾನೂನಿನ ಸ್ನಾತಕೋತ್ತರ ಪದವಿಯನ್ನು ಇಂಟರ್ನೆಟ್ಟಿನಲ್ಲೇ ಕಲಿಸುತ್ತಿತ್ತು. ನೌಕರಿ ಬಿಡದೆ, ಎರಡೂವರೆ ವರ್ಷದಲ್ಲಿ ಮುಗಿಸಬಹುದು. ಸೇರಿಕೊಂಡ.

ಹೆಂಡತಿ ಸುನಂದಾ ಪ್ರಾಥಮಿಕ ಶಾಲೆಯ ಟೀಚರು. ಮಗಳು ಶ್ರುತಿ ಎಸ್ಸೆಸ್ಸೆಲ್ಸಿ. ಕರೆಂಟು ಹೋದಾಗ ಅಪ್ಪ ಮಗಳು ಒಂದೇ ಕಂದೀಲಿನ ಎರಡು ಬದಿಗೆ ಕೂತರೆ, ಇಬ್ಬರೊಳಗ ಯಾರು ಮೊದಲು ಫೇಲ್ ಆಗ್ತೀರಿ ನೋಡೂಣು ಎಂದು ಸುನಂದಾ ಕಾಡಿಸುತ್ತಿದ್ದಳು.

ಮನೆಯಲ್ಲಿ ಕಂಪ್ಯೂಟರಿರಲಿಲ್ಲ. ಅದೇ ಓಣಿಯ ಫಕ್ರುಸಾಬರ ಮಗಳು ಅಬೇದಾ ಇಳಕಲ್ಲಿನ ಬಜಾರದಲ್ಲಿ ಸೈಬರ್ ಸೆಂಟರ್ ನಡೆಸುತ್ತಿದ್ದಳು. ಗಿರಾಕಿ ಬರುವ ಮುಂಚೆ, ಬೆಳಿಗ್ಗೆ ಆರಕ್ಕೆ, ಇವನಿಗಾಗಿಯೇ ಶಟರ್ ಎತ್ತುತ್ತಿದ್ದಳು. ಓಣಿಯಲ್ಲಿ ಮಗ್ಗಗಳು ಸದ್ದು ಮಾಡಲು ಶುರುಮಾಡುವ ಹೊತ್ತಿಗೆ ಇವನು ಎರಡು ಬೆರಳಿನಿಂದ ಇಂಗ್ಲಿಷ್ ಟೈಪು ಮಾಡುತ್ತಿರುತ್ತಿದ್ದ. ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ಮುಗಿಯುತ್ತಿತ್ತು. ಉತ್ತರ ಕಳಿಸುವ ಕೊನೆಯ ದಿನ ಲೈನು ಹೋದರೆ ಪೆನ್‌ಡ್ರೈವ್ ಕಿಸೆಯಲ್ಲಿಟ್ಟುಕೊಂಡು ಬಾಗಲಕೋಟೆಗೆ ಬಸ್ಸು ಹತ್ತುತ್ತಿದ್ದ. ಮೊದಲ ಪರೀಕ್ಷೆಯಲ್ಲಿ ಎರಡು ವಿಷಯ ಹೋದವು. ಕಾಕಾ, ಬಿಟ್ಟುಬಿಡ್ರಿ ಎಂದಳಂತೆ ಅಬೇದಾ. ಇವನು ಮಾರನೆಯ ದಿನ ಆರಕ್ಕೆ ಹತ್ತು ನಿಮಿಷವಿದ್ದಾಗಲೇ ಶಟರಿನ ಮುಂದೆ ನಿಂತಿದ್ದ.

ಎರಡನೆಯ ವರ್ಷಕ್ಕೆ ಒಂದು ಕೆಲಸ ಕೊಟ್ಟರು. ನಿಮ್ಮ ಊರಿನ ಒಂದು ತಿನಿಸು ಆರಿಸಿ, ಅದರಿಂದ ನ್ಯಾಯವಾದ ಮಾದರಿ ತೆಗೆಯುವುದು ಹೇಗೆಂದು ಬರೆಯಿರಿ. ಅವನು ಗಡಗಿ ಮೊಸರನ್ನು ಆರಿಸಿದ. ಒಂದು ಭಾನುವಾರ ಬಾದಾಮಿಗೆ ಹೋಗಿ, ಅಲ್ಲಿಂದ ಬನಶಂಕರಿಯ ಗುಡಿಗೆ ಹೋದ. ಅಲ್ಲಿ ಹೆಂಗಸರು ರೊಟ್ಟಿಬುಟ್ಟಿ, ಮೊಸರಿನ ಗಡಿಗೆ ಇಟ್ಟುಕೊಂಡು ಸಾಲಾಗಿ ಕೂಡುತ್ತಾರೆ. ಸಾವಿತ್ರೆವ್ವ ಎಂಬವಳ ಹತ್ತಿರ ಒಂದು ಪೂರ್ತಿ ಗಡಿಗೆ ಕೊಂಡ. ತಾನು ತಂದ ಬಾಟಲಿ ತುಂಬಲು, ಎಂದಿನ ರೂಢಿಯಂತೆ, ಚಮಚೆಯಿಂದ ಕೆನೆಯನ್ನು ಹರಿಯದ ಹಾಗೆ ಒಂದು ಮಗ್ಗಲಿಗೆ ಸರಿಸಿ, ಕೆಳಗಿನದನ್ನು ತೆಗೆದ. ಸಾವಿತ್ರೆವ್ವ ಎಲೆಅಡಿಕೆ ಅಗಿಯುತ್ತ ನೋಡುತ್ತಿದ್ದಳು. ಏನು ಮಾಡುತ್ತೀಯೆಂದು ಕೇಳಿದಳು. ನಿನ್ನ ಮೊಸರು ಹೇಗಿದೆ ಎಂದು ಪರೀಕ್ಷೆ ಮಾಡುತ್ತೇನೆ ಎಂದ.

"ಕೆನಿ ಬಿಟ್ಟು ತಗೊಂಡು ಅದನ್ನ ನನ್ನ ಮಸರ ಅಂತೀಯೇನಪಾ?" ಎಂದಳು ಆಕೆ. "ಎಮ್ಮಿ ಕೊಟ್ಟಿದ್ದೆಲ್ಲಾ ಮ್ಯಾಲ ಕುಂತೈತಿ."

ಅವನ ಕೈ ಅಲ್ಲೇ ನಿಂತಿತು. ಲಕ್ಕವ್ವ ನೆನಪಾದಳು.

ಎರಡು ಸಾವಿರದ ಮೂರರಲ್ಲಿ ಹುನಗುಂದದ ಬಸ್‌ಸ್ಟ್ಯಾಂಡಿನ ಗೋಡೆಗೆ ಕೂತು ಮೊಸರು ಮಾರುವ ಲಕ್ಕವ್ವನ ಗಡಿಗೆಯಿಂದ ಅವನು ಮಾದರಿ ತೆಗೆದಿದ್ದ. ಮಾರುವವರ ಗಡಿಗೆಯ ಕೆನೆ ಒಡೆದರೆ ಅವರ ಆ ದಿನದ ವ್ಯಾಪಾರ ಕೆಡುತ್ತದೆ. ದಪ್ಪ ಕೆನೆಯ ತುಣುಕಿಗಾಗಿಯೇ ಕೋರ್ಟಿನ ಕಾರಕೂನರು ಮಧ್ಯಾಹ್ನ ಅವಳ ಹತ್ತಿರ ಬರುತ್ತಿದ್ದರು. ಇಳಕಲ್ಲಿನ ಮನೆಯಲ್ಲಿ ಅವ್ವ ಹೇಳಿ ಬೆಳೆಸಿದ ಮರ್ಯಾದೆ ಅದು, ಮತ್ತೊಬ್ಬರ ಗಡಿಗೆಯ ಕೆನೆಗೆ ಕೈ ಹಚ್ಚಬಾರದು. ಅದಕ್ಕೇ ಕೆನೆ ಸರಿಸಿ, ಕೆಳಗಿನ ಮೊಸರಿನಿಂದ ಮೂರೂ ಬಾಟಲಿ ತುಂಬಿ, ಕೆನೆಯನ್ನು ಮತ್ತೆ ಜಾಗಕ್ಕೆ ಎಳೆದಿದ್ದ. ಛಲೋ ಮನಸ್ಯಾ ಅದೀರಿ ಸಾಹೇಬ್ರ ಎಂದಿದ್ದಳು ಲಕ್ಕವ್ವ. ಕೊಬ್ಬಿನಂಶ ಕಡಿಮೆ ಎಂದು ವರದಿ ಬಂತು. ಮೂರು ವರ್ಷದ ಮೇಲೆ ಹುನಗುಂದದ ಕೋರ್ಟು ಅವಳಿಗೆ ಆರು ತಿಂಗಳ ಸಜೆ ಹೇಳಿತು. ಬಾಗಲಕೋಟೆಯಲ್ಲಿ ಅಪೀಲು ನಡೆದಿತ್ತು, ಅವಳು ಜಾಮೀನಿನ ಮೇಲೆ ಹೊರಗಿದ್ದಳು.

ಆ ಕೇಸಿನ ಪಂಚನಾಮೆಯಲ್ಲಿ 'ಮೊಸರನ್ನು ಚೆನ್ನಾಗಿ ಕಲಸಿ ಮಾದರಿ ತೆಗೆಯಲಾಯಿತು' ಎಂದಿತ್ತು. ಹಿಂದಿನ ನಿರೀಕ್ಷಕರ ಕಾಗದದಿಂದ ಪ್ರತಿ ಸಲ ಇಳಿಸಿಕೊಳ್ಳುತ್ತಿದ್ದ ಸಾಲು. ಕಟಕಟೆಯಲ್ಲಿ ಪ್ರಮಾಣ ಮಾಡಿ ಅದನ್ನೇ ಓದಿ ಹೇಳಿದ್ದ.

ಸಾವಿತ್ರೆವ್ವನಿಂದ ಇನ್ನೂ ಐದು ಗಡಿಗೆ ಕೊಂಡ. ಮೊದಲಿನದೂ ಸೇರಿ ಆರರಿಂದಲೂ ಕೆನೆ ಸರಿಸಿ ಒಂದು ಬಾಟಲಿ, ಆಮೇಲೆ ಕೆನೆ ಸಮೇತ ಕಲಸಿ ಒಂದು ಬಾಟಲಿ ತುಂಬಿದ. ಬಾಗಲಕೋಟೆಯ ಪರಿಚಯದವರ ಡೇರಿಯಲ್ಲಿ ಕೊಬ್ಬು ಅಳೆಸಿದ. ಒಂದೇ ಗಡಿಗೆಯ ಮೊಸರು ಕಲಸಿದರೆ ಪಾಸು, ಕೆನೆ ಸರಿಸಿದರೆ ಫೇಲು. ಆರಕ್ಕೆ ಆರೂ ಹಾಗೆಯೇ ಬಂದವು. ಎಲ್ಲವನ್ನೂ ಬರೆದು ಕಳಿಸಿದ. ಕೊನೆಯಲ್ಲಿ, ಈ ತಪ್ಪಿನಿಂದ ಒಬ್ಬ ಹೆಂಗಸಿಗೆ ಶಿಕ್ಷೆಯಾದ ಉದಾಹರಣೆ ಇದೆ ಎಂದು ಒಂದು ಸಾಲು ಸೇರಿಸಿದ. ತಪ್ಪು ಯಾರದೆಂದು ಬರೆಯಲಿಲ್ಲ. ಹತ್ತು ದಿನದ ಮೇಲೆ ಅಲ್ಲಿ ಕಲಿಸುತ್ತಿದ್ದ ಪ್ರಾಧ್ಯಾಪಕಿಯಿಂದ ಉತ್ತರ ಬಂತು. ವಿಧಾನ ಚೆನ್ನಾಗಿದೆ, ಒಳ್ಳೆಯ ಅಂಕ ಕೊಟ್ಟಿದ್ದೇನೆ ಎಂದಿದ್ದರು. ಕೆಳಗೆ ಒಂದೇ ಪ್ರಶ್ನೆ: ಆ ಹೆಂಗಸು ಏನಾದಳು?

ಅದನ್ನು ಅಬೇದಾಳ ಹತ್ತಿರ ಪ್ರಿಂಟು ತೆಗೆಸಿಕೊಂಡು, ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಒಂದು ವಾರ ಆ ಚೀಟಿ ಅಂಗಿಯಿಂದ ಅಂಗಿಗೆ ದಾಟಿತು. ಮೇಲಧಿಕಾರಿಗಳಿಗೆ ಹೇಳಿದಾಗ ಅವರು ಬಾಗಿಲು ಮುಚ್ಚಿಸಿ, ಸುಮ್ಮನಿರು, ಅಪೀಲು ವರ್ಷಗಟ್ಟಲೆ ಎಳೆಯುತ್ತದೆ, ಕಟಕಟೆಯಲ್ಲಿ ಸುಳ್ಳು ಹೇಳಿದೆ ಎಂದು ನೀನೇ ಒಪ್ಪಿಕೊಂಡರೆ ಜೇಲು ನಿನಗೇ ಎಂದು ಬುದ್ಧಿ ಹೇಳಿದರು.

ಸುನಂದಾ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿದಳು.

"ನೌಕರಿ ಹೋದ್ರ?" ಎಂದಳು.

"ಮಗ್ಗ ಐತೆಲ್ಲ."

"ನಿಮಗ ಲಾಳಿ ಹಿಡ್ಯಾಕ ಬರ್ತದೇನ್ರಿ?"

ಬರುವುದಿಲ್ಲ ಎಂದು ಅವನು ಒಪ್ಪಿಕೊಂಡ. ಕಲಿಯುತ್ತೇನೆ ಎಂದ. ಈ ವಯಸ್ಸಿನೊಳಗ ಇನ್ನೂ ಎಷ್ಟು ಕಲೀತೀರಿ ಎಂದಳು ಸುನಂದಾ. ಮತ್ತೆ ಆ ಮಾತು ಎತ್ತಲಿಲ್ಲ.

ಅವನು ಲಕ್ಕವ್ವನ ಹತ್ತಿರ ಹೋಗಿ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ನಡೆದದ್ದನ್ನು ಹೇಳಿದ. ಅವಳು ಗಡಿಗೆಯ ಬಾಯಿಗೆ ಅರಿವೆ ಮುಚ್ಚಿದಳು.

"ಈಗ ಕಲತ್ರೇನು ಸಾಹೇಬ್ರ? ನನ್ನ ಗಡಗಿ ಮ್ಯಾಲ ಕಲತ್ರೇನು?"

ಅವನು ಹೌದೆಂದ. ಅವಳು ತನ್ನ ವಕೀಲರ ಹೆಸರು ಹೇಳಿದಳು.

ವಕೀಲರು ಅವನ ಬರಹ ಇಟ್ಟು ಅರ್ಜಿ ಹಾಕಿದರು. ಎರಡು ಸಾವಿರದ ಎಂಟರ ಕೊನೆಗೆ ಬಾಗಲಕೋಟೆಯ ಕೋರ್ಟು ಅವನನ್ನು ಮತ್ತೆ ಸಾಕ್ಷಿಗೆ ಕರೆಯಿತು. ಮೊದಲು ಪ್ರಮಾಣ ಮಾಡಿ ಹೇಳಿದ್ದು ಸುಳ್ಳೇ ಎಂದು ನ್ಯಾಯಾಧೀಶರು ಕೇಳಿದರು.

"ಸುಳ್ಳು ಹೇಳಬೇಕಂತ ಹೇಳಿದ್ದಲ್ರಿ," ಎಂದ ಅವನು. "ಬರಕೊಂಡದ್ದನ್ನ ಓದಿದೆ. ಮಾಡಿದ್ದನ್ನ ನೆನಸಲಿಲ್ಲ."

ಮಾದರಿ ಇಡೀ ಮೊಸರಿನ ಗುಣ ತೋರಿಸುವುದಿಲ್ಲವೆಂದು ಕೋರ್ಟು ಲಕ್ಕವ್ವನನ್ನು ಬಿಡುಗಡೆ ಮಾಡಿತು. ಸಾಕ್ಷಿ ತಾನಾಗಿಯೇ ಮುಂದೆ ಬಂದದ್ದನ್ನು ತೀರ್ಪಿನಲ್ಲಿ ಬರೆದು, ಅವನ ಮೇಲೆ ಕ್ರಮ ಬೇಡವೆಂದಿತು. ಇಲಾಖೆ ಹಾಗೆ ಬಿಡಲಿಲ್ಲ. ನೋಟೀಸು ಬಂತು, ಬಡ್ತಿ ನಿಂತಿತು, ಬಾದಾಮಿಗೆ ವರ್ಗವಾಯಿತು. ಅಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿದ್ದುಕೊಂಡು ಉಳಿದ ವಿಷಯಗಳನ್ನು ಮುಗಿಸಿದ. ಹೋದ ಎರಡನ್ನೂ ಮತ್ತೆ ಬರೆದು ಪಾಸು ಮಾಡಿದ. ಪದವಿಯ ಕಾಗದ ಅಂಚೆಯಲ್ಲಿ ಬಂದಾಗ ಶ್ರುತಿ ಗಾಜಿನ ಕಟ್ಟು ಹಾಕಿಸೋಣ ಎಂದರೆ ಬೇಡವೆಂದು ಟ್ರಂಕಿನಲ್ಲಿಟ್ಟ.

ಸೋಮವಾರ ಬೆಳಿಗ್ಗೆ ಬಾದಾಮಿಗೆ ಹೋಗುವಾಗ ಅವನ ಬಸ್ಸು ಹುನಗುಂದದಲ್ಲಿ ನಿಲ್ಲುತ್ತಿತ್ತು. ಕಿಟಕಿಯಲ್ಲಿ ಅವನನ್ನು ಕಂಡರೆ ಲಕ್ಕವ್ವ ಚಮಚೆಯನ್ನು ಗಡಿಗೆಯ ತಳಕ್ಕೆ ಮುಟ್ಟಿಸಿ, ಕೆನೆ ಒಡೆದು, ಗರಗರ ಕಲಸಿ, ಈಗ ತಗೋರಿ ಸಾಹೇಬ್ರ ಎಂದು ಕೂಗುತ್ತಿದ್ದಳು. ಸುತ್ತಲಿನವರಿಗೆ ಅದೇನೆಂದು ತಿಳಿಯುತ್ತಿರಲಿಲ್ಲ. ಇವನು ನಾಚಿ ತಲೆ ಒಳಗೆಳೆದುಕೊಳ್ಳುತ್ತಿದ್ದ.

ಅವನು ಹೋದ ಮೂರನೆಯ ದಿನ ಅವಳು ಇಳಕಲ್ಲಿಗೆ ಬಂದಳು. ಸುನಂದಾಳ ಮಗ್ಗಲಲ್ಲಿ ಕೂತು, ಸಾಹೇಬ್ರದು ಊಟ ಆಗಿತ್ತೇನವಾ ಎಂದಷ್ಟೇ ಕೇಳಿದಳು. ಇಲ್ಲ, ತಾಟು ಹಾಕಿದ್ದೆ ಎಂದಳು ಸುನಂದಾ. ಸಂಜೆಯ ಬಸ್ಸಿನವರೆಗೂ ಲಕ್ಕವ್ವ ಅಲ್ಲಿಂದ ಏಳಲಿಲ್ಲ.

ಬಾದಾಮಿಯ ಆಫೀಸಿನಲ್ಲಿ ಅವನು ತನ್ನ ಕೈಯಿಂದ ತಿದ್ದಿದ ಪಂಚನಾಮೆಯ ನಮೂನೆ ಈಗಲೂ ಇದೆ. 'ಚೆನ್ನಾಗಿ ಕಲಸಿ' ಎಂಬ ಸಾಲು ಇದ್ದಲ್ಲಿ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟಿದ್ದಾನೆ. ಮಾದರಿ ತೆಗೆದವರು ತಾವು ಏನು ಮಾಡಿದರೆಂದು ಅಲ್ಲಿ ಪ್ರತಿ ಸಲ ನೆನೆಸಿಕೊಂಡು ಬರೆಯಬೇಕು.