ತೂಕದ ಮೇಲೊಂದು ಹಿಡಿ

ಪರದೇಶದ ಈ ಥಾರ್ನ್‌ಹಿಲ್‌ಗೆ ಬಂದ ಮೊದಲ ವಾರ, ಅಂಗಡಿಯ ಗಾಜಿನ ಮೇಲೆ ಇಂಗ್ಲಿಷಿನಲ್ಲಿದ್ದ ‘ಕೋಷರ್’ ಅನ್ನು ನಾನು ‘ಕೊಸರು’ ಎಂದು ಓದಿಕೊಂಡೆ. ಬಾದಾಮಿ ತೂಗಿಸಿದ ಮೇಲೂ ಚೀಲದ ಬಾಯಿ ತೆರೆದು ನಿಂತಿದ್ದೆ. ಅಂಗಡಿಯವನು “ನೆಕ್ಸ್ಟ್” ಎಂದ. ಯೆಹೂದಿಯರ ಆಹಾರನಿಯಮಕ್ಕೆ ಒಪ್ಪುವಂಥದ್ದು ಎಂದು ‘ಕೋಷರ್’ ಪದದ ಅರ್ಥ. ಗದಗಿನ ನಮ್ಮ ಕಿರಾಣಿಯಲ್ಲಿ ಅಪ್ಪ ತೂಕದ ಮೇಲೆ ಕೊಸರೆಂದು ಹಾಕುತ್ತಿದ್ದ ಹಿಡಿಗೆ ಇಲ್ಲಿ ಹೆಸರಿಲ್ಲ.

ಬೇಸ್‌ಮೆಂಟಿನಲ್ಲಿ ನನ್ನ ಜೊತೆಗಿರುವ ಬೆಳಗಾವಿಯ ಶೈಲಕ್ಕ ಅದನ್ನು ಆಡಿಕೊಳ್ಳುವುದು ಇನ್ನೂ ಬಿಟ್ಟಿಲ್ಲ. “ಏನವ್ವಾ, ಕೊಸರಿನ ಅಂಗಡಿಗೆ ಹೊಂಟಿಯೇನ? ನನಗೂ ಒಂದ್ ಹಿಡಿ ತಾ.”

ಅಪ್ಪ ತೀರಿದ್ದು ಹೋದ ವರ್ಷ ಫೆಬ್ರುವರಿ ಒಂಬತ್ತಕ್ಕೆ. ವೀಸಾ ನವೀಕರಣಕ್ಕೆ ಹೋಗಿದ್ದರಿಂದ ಊರಿಗೆ ಹೋಗಲಾಗದೆ, ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದೆ. ಅಂದಿನ ಡೈರಿ: ‘ಮೈನಸ್ ಹದಿನಾಲ್ಕು. ಅಪ್ಪ ಹೋದರು. ಬಟ್ಟೆ ಒಗೆದೆ.’ ಅಳು ಬರಲಿಲ್ಲ.

ವರ್ಷದ ದಿನ ದೀಪವಾದರೂ ಹಚ್ಚಬೇಕಿತ್ತು. ಬೇಸ್‌ಮೆಂಟಿನಲ್ಲಿ ಬೆಂಕಿ ಕೂಡದು ಎಂಬುದು ಕರಾರು. ಕೇಳಲು ಮೇಲಿನ ಮನೆಗೆ, ಮಾಲಕಿ ಮಿರಿಯಮ್ ಅಜ್ಜಿಯ ಬಳಿಗೆ ಹೋದೆ.

“ಕೆಳಗೆ ಬೇಡ” ಎಂದರು. ಆಮೇಲೆ, “ಅಪ್ಪ ಹೋದ ದಿನವಾದರೂ ನಿನಗೆ ಗೊತ್ತು” ಎಂದರು.

ಅವರ ತಂದೆ ಪೋಲೆಂಡಿನಲ್ಲಿ ಧಾನ್ಯದ ವ್ಯಾಪಾರಿ. ಯುದ್ಧಕಾಲದಲ್ಲಿ ರೇಷನ್ ಇಳಿದಂತೆಲ್ಲ ಬಡವರ ಚೀಲಕ್ಕೆ ತೂಕದ ಮೇಲೊಂದು ಹಿಡಿ ಸುರಿಯುತ್ತಿದ್ದರು. ಗೋದಾಮಿನಲ್ಲೇ ಗಂಜಿ ಬೇಯಿಸಿ ಬೀದಿಗೆಲ್ಲ ಬಡಿಸಿದರು. ತಪ್ಪಿಸಿಕೊಳ್ಳುವ ದಾರಿ ಸಿಕ್ಕಾಗ ಪುಟ್ಟ ಮಗಳಾಗಿದ್ದ ಅಜ್ಜಿಯನ್ನು ಮಾತ್ರ ಕಳಿಸಿದರು. “ನಾಳೆ ಗಂಜಿ ಯಾರು ಬೇಯಿಸ್ತಾರೆ?” ಎಂದರಂತೆ. ಅವರನ್ನು ಸಾವಿನ ಶಿಬಿರಕ್ಕೆ ಹೋಗುವ ರೈಲಿಗೆ ಹತ್ತಿಸಿದರು ಎಂಬಲ್ಲಿಗೆ ಸುದ್ದಿ ನಿಂತಿತು.

ಯೆಹೂದಿಯರು ಸತ್ತವರ ದಿನಕ್ಕೆ ಗಾಜಿನ ಲೋಟದಲ್ಲಿ ಮೇಣದ ದೀಪ ಹಚ್ಚುತ್ತಾರೆ. ದಿನ ತಿಳಿಯದವರು ಒಂದು ದಿನ ಗೊತ್ತುಮಾಡಿಕೊಳ್ಳುವುದುಂಟು. ಊಹೆಯ ದಿನ ಸುಳ್ಳೆಂದು ಅಜ್ಜಿ ಒಮ್ಮೆಯೂ ಹಚ್ಚಿರಲಿಲ್ಲ.

ತೂಕದ ಮೇಲಿನ ಹಿಡಿಯ ಮಾತಿಗೆ, ನಾನು ಅಂಗಡಿಯಲ್ಲಿ ಪೇಚಿಗೆ ಸಿಕ್ಕಿದ್ದನ್ನೂ ಕೊಸರಿನ ಅರ್ಥವನ್ನೂ ಹೇಳಿದೆ. ಅಜ್ಜಿ ನಗಲಿಲ್ಲ. “ಕೊ-ಸ-ರು” ಎಂದು ಬಾಯಲ್ಲಿ ಹೊರಳಿಸಿದರು. “ನಮ್ಮಲ್ಲೂ ಅದಕ್ಕೊಂದು ಹೆಸರಿತ್ತೇನೋ. ಮರೆತಿದೆ. ಒಂಬತ್ತನೇ ತಾರೀಖು ಸಂಜೆ ಇಲ್ಲಿಗೆ ಬಾ.”

ಒಂಬತ್ತರ ಸಂಜೆ ಅವರ ಅಡುಗೆಮನೆಯಲ್ಲಿ ಅಪ್ಪನ ದೀಪ ಹಚ್ಚಿದೆ. ಅಜ್ಜಿ ಕಪಾಟಿನಿಂದ ಇನ್ನೊಂದು ಮೇಣದ ಲೋಟ ತೆಗೆದರು.

“ನಿಮ್ಮಪ್ಪನ ದಿನದ ಮೇಲೆ ಇದು ಕೊಸರು. ಅವರು ಬೇಜಾರು ಮಾಡ್ಕೊಳ್ಳಲ್ಲ ತಾನೇ?”

“ಇಲ್ಲ. ಅವರೂ ಅಂಗಡಿಯವರೇ.”

ಗದಗಿನಲ್ಲಿ ಆಗಲೇ ಹತ್ತನೇ ತಾರೀಖು. ಪಂಚಾಂಗದ ತಿಥಿ ನೋಡಿ, ಅಮ್ಮ ವರ್ಷದ ಕಾರ್ಯವನ್ನು ಹೋದ ತಿಂಗಳೇ ಮುಗಿಸಿದ್ದಳು. ಅಲ್ಲಿಗೆ ತಡವಾದ ದಿನ, ಇಲ್ಲಿ ಇಬ್ಬರು ಅಪ್ಪಂದಿರಿಗೆ ಸಾಲಿತು. ಕೆಳಗಿಳಿದು ಬಂದು ಡೈರಿ ತೆರೆದೆ. ‘ಎರಡು ದೀಪ’ ಎಂದು ಬರೆದೆ. ತಾರೀಖಿನ ಜಾಗ ಖಾಲಿ ಉಳಿದಿದೆ.