ಕಾಕು ಕಡಿಸಿ ಹಾಕಿದ ಕಾರು

ಕಾಕುವಿನ ಮುಂದಿನ ಎರಡು ಹಲ್ಲುಗಳು ಉಳಿದವಕ್ಕಿಂತ ಬೆಳ್ಳಗಿದ್ದವು. ಅವು ಮಿರಜಿನಲ್ಲಿ ಕಟ್ಟಿಸಿದ ಹಲ್ಲು. ಮೇಲ್ದುಟಿಯ ಮೇಲೆ ಹೊಲಿಗೆಯ ಗುರುತೊಂದಿತ್ತು. ನಕ್ಕರೆ ತುಟಿ ಆ ಕಡೆಗೆ ಎಳೆದುಕೊಳ್ಳುತ್ತಿತ್ತು. ಹಾಗಾಗಿ ನಗು ಬಂದಾಗ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಹೊಸದಾಗಿ ಕಂಡವರು ಬಹಳ ನಾಚಿಕೆಯ ಹೆಂಗಸು ಎಂದುಕೊಳ್ಳುತ್ತಿದ್ದರು. ನಾಚಿಕೆ ಅವರ ಹತ್ತಿರ ಸುಳಿದದ್ದನ್ನು ನಾನು ನೋಡಿಲ್ಲ. ಅಥಣಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಒಂದು ಕೆಮ್ಮಿನಿಂದ ಸುಮ್ಮನಾಗಿಸುತ್ತಿದ್ದ ಅಕ್ಕೋರು ಅವರು.

ನನಗೆ ಅವರು ಅಪ್ಪನ ತಮ್ಮನ ಹೆಂಡತಿ. ರಾಯಬಾಗದ ಹತ್ತಿರದ ನಮ್ಮ ಹಳ್ಳಿಯಿಂದ ಕಾಲೇಜು ಕಲಿಯಲೆಂದು ನಾನು ಅವರ ಮನೆಗೆ ಹೋದಾಗ ಅವರ ಬಾಯಲ್ಲಿ ಅವರದೇ ಹಲ್ಲುಗಳಿದ್ದವು. ಬೆಳಗ್ಗೆ ರೊಟ್ಟಿ ಬಡಿಯುತ್ತ ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ತಪ್ಪಿದರೆ ರೊಟ್ಟಿಯ ಬಡಿತ ನಿಲ್ಲುತ್ತಿತ್ತು, ಅಷ್ಟೆ. ಬೈಗುಳವಿಲ್ಲ. ಮತ್ತೆ ಸರಿಯಾಗಿ ಹೇಳಿದ ಮೇಲೆ ಬಡಿತ ಮುಂದುವರಿಯುತ್ತಿತ್ತು. ಸುತ್ತಲೂ ಕಬ್ಬು ಬೆಳೆಯುವ ಊರಿನಲ್ಲಿ ಸಕ್ಕರೆ ಇಲ್ಲದ ಚಹಾ ಕುಡಿಯುತ್ತಿದ್ದವರು ಅವರೊಬ್ಬರೇ.

ಕಾಕಾ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿದ್ದರು. ಅವರಿಗೆ ಲೋಕದಲ್ಲಿ ಪ್ರೀತಿಯ ವಸ್ತು ಒಂದೇ, ಅವರ ಕಾರು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟದ್ದನ್ನು ಕೊಂಡಿದ್ದರು. ಹಳೆಯ ಕಾಲದ, ದುಂಡನೆಯ, ಭಾರದ ಬಿಳಿ ಗಾಡಿ. ಎಷ್ಟು ತೊಳೆದರೂ ಒಳಗೆ ತಂಬಾಕಿನ ಘಾಟು ಹೋಗಿರಲಿಲ್ಲ. ರವಿವಾರ ಅದನ್ನು ಒರೆಸುತ್ತ, ಬೆರಳ ಗೆಣ್ಣಿನಿಂದ ಬಾನೆಟ್ಟಿನ ತಗಡಿನ ಮೇಲೆ ಕುಟ್ಟಿ ನನ್ನನ್ನು ಕರೆಯುತ್ತಿದ್ದರು.

"ಸಪ್ಪಳ ಕೇಳವಾ. ಪತ್ರಾ ಅಂದ್ರ ಇದು. ಈಗಿನ ಗಾಡಿ ಬಟ್ಟ ಒತ್ತಿದ್ರ ತೆಗ್ಗ ಬೀಳತಾವ. ಅವು ಗಾಡಿ ಅಲ್ಲ, ಎಣ್ಣಿ ಡಬ್ಬಿ."

ನಾವೆಲ್ಲ ಅದನ್ನು ನಂಬಿದ್ದೆವು. ನಂಬದಿರಲು ಕಾರಣವಿರಲಿಲ್ಲ. ಅದರ ಬಾಗಿಲು ಹಾಕಿದರೆ ಕಣಜದ ಬಾಗಿಲು ಹಾಕಿದಂತಾಗುತ್ತಿತ್ತು. ಮುಂದಿನ ಸೀಟಿಗೆ ಬೆಲ್ಟುಗಳಿದ್ದವು. ಬಿಳಿ ಅಂಗಿಗೆ ಕರೆ ಬೀಳುತ್ತದೆಂದು ಕಾಕಾ ಅವನ್ನು ಸೀಟಿನ ಹೊದಿಕೆಯ ಕೆಳಗೆ ಸೇರಿಸಿಬಿಟ್ಟಿದ್ದರು. ಹಿಂದಿನ ಸೀಟಿಗೆ ಬೆಲ್ಟೇ ಇರಲಿಲ್ಲ.

ನನ್ನ ಕಾಲೇಜಿನ ಕೊನೆಯ ವರ್ಷ. ಕಬ್ಬು ಕಡಿಯುವ ಹಂಗಾಮು. ಕಾಕಾ, ಕಾಕು ಇಬ್ಬರೇ ಮಂಗಸೂಳಿಯ ಮಲ್ಲಯ್ಯನ ದರ್ಶನಕ್ಕೆ ಹೋಗಿದ್ದರು. ತಿರುಗಿ ಬರುವಾಗ ಮುಚ್ಚಂಜೆ. ಉಪವಾಸವಿದ್ದ ಕಾಕು ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆ ಹೋಗಿದ್ದರು. ಮಂಗಸೂಳಿ ದಾಟಿದ ಮೇಲೆ ರಸ್ತೆಯಲ್ಲಿ ಕಬ್ಬು ಹೇರಿದ ಟ್ರಾಕ್ಟರೊಂದು ಕೆಟ್ಟು ನಿಂತಿತ್ತು. ಹಿಂದಿನ ಟ್ರೇಲರಿಗೆ ದೀಪವಿರಲಿಲ್ಲ. ಕಾಕಾ ನೇರ ಹೋಗಿ ಅದಕ್ಕೆ ಗುದ್ದಿದರು.

ಕಾಕುವಿನ ಮುಖ ಮುಂದಿನ ಸೀಟಿನ ಬೆನ್ನಿಗೆ ಬಡಿಯಿತು. ಹಲ್ಲು ಹೋಗಿದ್ದು ಆಗ. ಅವರಿಗೆ ನೆನಪಿದ್ದದ್ದು ಇಷ್ಟೇ: ಎಚ್ಚರವಾದಾಗ ಯಾವ ಸಪ್ಪಳವೂ ಇರಲಿಲ್ಲ. ಕಾಕಾ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದಾರೆಂದುಕೊಂಡು, ಬಾಯಿತುಂಬ ರಕ್ತವಿದ್ದರೂ ಅವರು ಮೊದಲು ಹೇಳಿದ್ದು, "ಏಳ್ರಿ, ಮನಿ ಬಂದಿಲ್ಲ ಇನ್ನಾ."

ನಾನೂ ಅಪ್ಪನೂ ಮಿರಜಿನ ಆಸ್ಪತ್ರೆ ತಲುಪಿದಾಗ ಕಾಕಾ ಹೋಗಿದ್ದರು. ಹಣೆಯ ಮೇಲೆ ಮಲ್ಲಯ್ಯನ ಭಂಡಾರ ಹಾಗೇ ಇತ್ತು, ಹಳದಿ. ಮೈಮೇಲೆ ಒಂದು ಗೀರೂ ಇರಲಿಲ್ಲ. ಸ್ಟೇರಿಂಗು ಎದೆಗೆ ಬಡಿದು ಒಳಗೆಲ್ಲ ಒಡೆದಿದೆ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅಪ್ಪ ತಲೆಯಾಡಿಸಿದ. ಅವನಿಗೆ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ನನಗೆ ತಿಳಿಯಲಿಲ್ಲ. ಅಂಗಿಯ ಗುಂಡಿ ಕೂಡ ಹರಿದಿರಲಿಲ್ಲ.

ಮರುದಿನ ಪೊಲೀಸ್ ಠಾಣೆಯ ಅಂಗಳದಲ್ಲಿ ಕಾರು ನೋಡಿದೆ. ದೀಪ ಒಡೆದಿತ್ತು, ಬಂಪರು ಬಾಗಿತ್ತು, ಬಾನೆಟ್ಟು ಸ್ವಲ್ಪ ಎದ್ದಿತ್ತು. ಅಷ್ಟೆ. ಅದನ್ನು ನೋಡಿದವರಾರೂ ಅದರೊಳಗೆ ಒಬ್ಬರು ಸತ್ತಿದ್ದಾರೆ ಎನ್ನುವಂತಿರಲಿಲ್ಲ.

ಮಾತಾಡಿಸಲು ಬಂದವರು ಪಡಸಾಲೆಯಲ್ಲಿ ಕುಳಿತು ಕಾರಿನ ಮಾತನ್ನೇ ಆಡುತ್ತಿದ್ದರು. "ಗಾಡಿ ಭಾಳ ಗಟ್ಟಿ ನೋಡ್ರಿ, ಏನೂ ಆಗಿಲ್ಲ. ಆಯುಷ್ಯ ಮುಗದಿತ್ತು, ಗಾಡಿ ಏನ ಮಾಡೀತು?" ಒಳಗೆ ತುಟಿಗೆ ಬಟ್ಟೆ ಹಿಡಿದು ಕುಳಿತ ಕಾಕು ಎಲ್ಲ ಕೇಳುತ್ತಿದ್ದರು. ಅವರು ಅಳಲಿಲ್ಲ. ಹೊಲಿಗೆ ಬಿಟ್ಟೀತು, ಅಳಬಾರದು ಎಂದು ಡಾಕ್ಟರು ಹೇಳಿದ್ದರೆಂದು ನಾವು ಬಂದವರಿಗೆ ಹೇಳುತ್ತಿದ್ದೆವು. ಡಾಕ್ಟರು ಹಾಗೆ ಹೇಳಿರಲಿಲ್ಲ.

ಕೆಲವು ತಿಂಗಳ ಮೇಲೆ ಕಾರು ಮನೆಗೆ ಬಂತು. ಪತ್ರಾ ಬಡಿದು ಬಣ್ಣ ಹಚ್ಚಿದರೆ ಮತ್ತೆ ಓಡುತ್ತದೆ ಎಂದು ಮೇಸ್ತ್ರಿ ಹೇಳಿದ್ದ. ಕಾಕುವಿನ ಮಗ, ನನಗೆ ತಮ್ಮನಾಗಬೇಕು, ಆಗಷ್ಟೇ ಲೈಸೆನ್ಸು ಮಾಡಿಸಿದ್ದ. ಅಪ್ಪನ ಗಾಡಿ ತಾನೇ ಓಡಿಸುತ್ತೇನೆಂದ. ಕಾಗವಾಡದ ಕಡೆಯವನೊಬ್ಬ ಬಂದು, ಪ್ಯಾಸೆಂಜರ್ ಹೊಡೆಯಲು ತನಗೆ ಕೊಡಿ ಎಂದ. ನನ್ನ ಅಪ್ಪ ಎರಡಕ್ಕೂ ಒಪ್ಪದೆ, ನೆನಪಿಗೆ ಹಿತ್ತಲಲ್ಲಿ ಹಾಗೇ ಇರಲಿ ಎಂದ. ಕಾಕು ಯಾವತ್ತೂ ಅಪ್ಪನ ಎದುರು ನಿಂತು ಮಾತಾಡಿದವರಲ್ಲ. ಅವತ್ತು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಭಾವಾರ, ಅದರಾಗ ಇನ್ನ ಯಾರೂ ಕುಂದರಬಾರದು."

"ಕುಂದರೂದಿಲ್ಲವಾ. ಸುಮ್ಮ ನಿಂತಿರತೈತಿ."

"ನಿಂತಿದ್ದ ಗಾಡಿ ಇವತ್ತಲ್ಲ ನಾಳಿ ಯಾರರ ಚಾಲೂ ಮಾಡತಾರ್ರಿ. ಕಡಿಸೂಣು."

ಗಂಡನ ಗಾಡಿಯನ್ನು ಗುಜರಿಗೆ ಹಾಕುತ್ತಾಳೆಂದು ಮನೆತನದಲ್ಲಿ ಮಾತಾಯಿತು. ಮಗ ವಾರಗಟ್ಟಲೆ ತಾಯಿಯ ಜೊತೆ ಮಾತು ಬಿಟ್ಟ. ಕಾಕು ಶಾಲೆಗೆ ರಜೆ ಹಾಕಿ, ನನ್ನನ್ನು ಕರೆದುಕೊಂಡು ಮಿರಜ ರಸ್ತೆಯ ಗುಜರಿ ಅಂಗಡಿಗೆ ಹೋದರು. ಕಾರನ್ನು ಹಗ್ಗ ಕಟ್ಟಿ ಎಳೆದು ತಂದಿದ್ದರು. ಅಂಗಡಿಯವನು ಕುರ್ಚಿ ಹಾಕಿ, ಚಹಾ ತರಿಸಿ, "ನೀವ ಹೋಗ್ರಿ ಮಾವಶಿ, ನಾಳಿ ನಾಡದ ಕಡೀತೀವಿ" ಎಂದ.

"ಇಲ್ಲಪಾ, ಈಗ ಕಡೀರಿ. ನಾ ನೋಡೇ ಹೋಗತೇನಿ."

ಅವನು ನನ್ನ ಮುಖ ನೋಡಿದ. ಗ್ಯಾಸ್ ಕಟರ್ ತಂದರು. ಮೊದಲು ಬಾಗಿಲುಗಳನ್ನು ಬಿಚ್ಚಿದರು. ಸೀಟು ಕಿತ್ತಾಗ ಹೊದಿಕೆಯ ಕೆಳಗಿಂದ ಬೆಲ್ಟು ಹೊರಬಿತ್ತು, ಮಡಿಕೆ ಬಿಚ್ಚದ ಹೊಸ ಬೆಲ್ಟು. ಕಾಕು ಅದನ್ನು ನೋಡಿದರು, ಎತ್ತಿಕೊಳ್ಳಲಿಲ್ಲ. ಆಮೇಲೆ ಕಬ್ಬಿಣ ಕೆಂಪಾಗಿ ಕರಗತೊಡಗಿತು. ನಿಜಕ್ಕೂ ದಪ್ಪ ಪತ್ರಾ. ಕಡಿಯುವವನು ಎರಡೆರಡು ಸಲ ಕೈ ಬದಲಿಸಿದ. ಬಿಸಿಲು ಏರಿತು. ಅಂಗಡಿಯವನು ನೆರಳಿಗೆ ಬರಲು ಕರೆದ. ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಚಹಾದ ಮೇಲೆ ಕೆನೆಗಟ್ಟಿತ್ತು. ಕೊನೆಗೆ ಸ್ಟೇರಿಂಗಿನ ಕಂಬವನ್ನು ಎರಡು ತುಂಡು ಮಾಡಿ ರಾಶಿಗೆ ಎಸೆದ ಮೇಲೆ, ಸೆರಗು ಹೊದ್ದು ಎದ್ದರು.

"ನಡೀ, ಬಸ್ಸಿಗೆ ಹೊತ್ತಾತು."

ಬಸ್ಸಿನಲ್ಲಿ ಅಥಣಿಯವರೆಗೂ ಅವರ ಸೀರೆಯಿಂದ ಸುಟ್ಟ ಬಣ್ಣದ ವಾಸನೆ ಬರುತ್ತಿತ್ತು.

ನಾನು ಮದುವೆಯಾಗಿ ರಾಯಬಾಗಕ್ಕೆ ಬಂದೆ. ತಮ್ಮನಿಗೆ ಚಿಕ್ಕೋಡಿಯಲ್ಲಿ ನೌಕರಿಯಾಯಿತು. ವರ್ಷಗಳು ಕಳೆದ ಮೇಲೆ ಅವನು ಕಾರು ಕೊಳ್ಳುವ ಮಾತೆತ್ತಿದ. ಕಾಕು ಬೇಡವೆನ್ನುತ್ತಾರೆಂದು ನಾವು ಅಂದುಕೊಂಡಿದ್ದೆವು. ಅವರು, "ನಾನೂ ಬರತೇನಿ ನೋಡಾಕ" ಎಂದರು. ಬೆಳಗಾವಿಯ ಶೋರೂಮಿಗೆ ನಾನೂ ಹೋಗಿದ್ದೆ. ಮಾರುವ ಹುಡುಗ ಹಾಡಿನ ಡಬ್ಬಿ, ಬಣ್ಣ, ಮೈಲೇಜು ಎಂದು ಹೇಳುತ್ತಲೇ ಇದ್ದ. ಕಾಕು ಕೇಳಿದ್ದು ಒಂದೇ ಪ್ರಶ್ನೆ.

"ಬಡದ್ರ ಏನಾಗತೈತಿ, ಅದನ್ನ ಹೇಳ್ರಿ."

"ಅಂಥಾ ಮಾತ ಯಾಕ್ರಿ ಮಾವಶಿ, ಹೊಸಾ ಗಾಡಿ ತಗೊಳ್ಳಾಕತ್ತೀರಿ. ಛಲೋದ ಮಾತಾಡ್ರಿ."

"ಛಲೋದ ಆದ್ರ ಯಾವ ಗಾಡಿನೂ ನಡೀತೈತ್ರಿ. ಬಡದ ದಿನಕ್ಕ ಬೇಕಾಗೇತಿ ನನಗ."

ಹುಡುಗ ಒಳಗಿನಿಂದ ಹಿರಿಯನೊಬ್ಬನನ್ನು ಕರೆತಂದ. ಅವನು ನಿಧಾನವಾಗಿ ಹೇಳಿದ. ಈ ಗಾಡಿಯ ಮೂತಿ ಬೇಕೆಂದೇ ಮೆದುವಾಗಿರುತ್ತದೆ, ಗುದ್ದಿದರೆ ಅದು ಮಡಚಿಕೊಂಡು ಪೆಟ್ಟನ್ನು ತಾನು ನುಂಗುತ್ತದೆ, ಕುಳಿತವರ ಸುತ್ತಲಿನ ಗೂಡು ಮಾತ್ರ ಗಟ್ಟಿ. ಬೆಲ್ಟು ಹಾಕಿಕೊಂಡಿದ್ದರೆ ಮೈಯನ್ನು ಹಿಡಿಯುತ್ತದೆ, ಮೇಲಿನ ಮಾಡೆಲಿನಲ್ಲಿ ಎದುರಿನಿಂದ ಗಾಳಿಚೀಲವೂ ಬಿಚ್ಚಿಕೊಳ್ಳುತ್ತದೆ. ಕಾಕು ಅದನ್ನು ಮಕ್ಕಳ ಉತ್ತರ ಕೇಳುವಂತೆ ಕಣ್ಣು ಕೆಳಗೆ ಹಾಕಿ ಕೇಳಿದರು.

"ಅಂದ್ರ ಗಟ್ಟಿ ಗಾಡಿ ಪೆಟ್ಟ ತಗೊಳ್ಳೂದಿಲ್ಲ. ಒಳಗಿನವ್ರಿಗೆ ಕೊಡತೈತಿ."

"ಹೌದ್ರಿ. ಹಳೀ ಗಾಡೀದ ಹಂಗ ಇತ್ರಿ."

ಮೇಲಿನ ಮಾಡೆಲು ಬರಲು ತಡವಾಗುತ್ತದೆಂದು ಶೋರೂಮಿನವರು ಹೇಳಿದರು, ಕಾಕು ಕಾದರು. ಗಾಡಿ ಬಂದ ಮೇಲೆ ಒಂದು ನಿಯಮವಾಯಿತು. ಹಿಂದೆ ಕುಳಿತವರೂ ಬೆಲ್ಟು ಹಾಕುವವರೆಗೆ ಗಾಡಿ ಹೊರಡುವ ಹಾಗಿಲ್ಲ. ಬೀಗರು, ಹಿರಿಯರು, ಯಾರಾದರೂ ಸರಿ. ನಿಪ್ಪಾಣಿಯ ದೊಡ್ಡ ಬೀಗರೊಬ್ಬರು ಸಿಟ್ಟಾಗಿ ಇಳಿದು ಬಸ್ಸಿಗೆ ಹೋದರು. ಕಾಕು ಅವರಿಗೆ ಕೈಮುಗಿದು ಕಳಿಸಿದರು.

ನನ್ನ ಮಗಳಿಗೆ ಆಗ ನಾಲ್ಕು ವರ್ಷವಿರಬೇಕು. ನಿಪ್ಪಾಣಿಯಲ್ಲೊಂದು ಮದುವೆ. ಚಿಕ್ಕೋಡಿಯಿಂದ ತಮ್ಮನ ಕಾರಿನಲ್ಲಿ ಹೊರಟೆವು. ಕಾಕು ಅವನ ಪಕ್ಕ ಮುಂದೆ, ನಾನೂ ಮಗಳೂ ಹಿಂದೆ. ಬೆಲ್ಟು ಕತ್ತಿಗೆ ಬರುತ್ತದೆಂದು ಮಗಳು ಅತ್ತಳು. ಕಾಕು ಇಳಿದು ಹಿಂದೆ ಬಂದು, ಗಾಡಿಯಲ್ಲಿದ್ದ ಕೌದಿಯನ್ನು ದಪ್ಪಗೆ ಮಡಚಿ ಅವಳ ಕೆಳಗಿಟ್ಟು ಎತ್ತರಿಸಿ, ಬೆಲ್ಟನ್ನು ಭುಜದ ಮೇಲೆ ಕೂರಿಸಿದರು. ಅವಳು ಅಳುತ್ತಲೇ ಇದ್ದಳು. "ಇಷ್ಟೊಂದ ಅಳತಾಳ, ನನ್ನ ತೊಡಿ ಮ್ಯಾಲ ಕುಂದರಿಸ್ಕೋತೀನಿ ಬಿಡು ಕಾಕು" ಎಂದೆ ನಾನು. "ಅಳಲಿ" ಎಂದರು.

ನಡುದಾರಿಯ ತಿರುವಿನಲ್ಲಿ ಎದುರಿನಿಂದ ಟೆಂಪೊ ಒಂದು ಬಸ್ಸನ್ನು ಹಿಂದೆ ಹಾಕಲು ಹೋಗಿ ನಮ್ಮ ಕಡೆಗೇ ಬಂತು. ತಮ್ಮ ಬ್ರೇಕು ಒತ್ತಿದ್ದು ಗೊತ್ತು. ಸಪ್ಪಳ ನನಗೆ ನೆನಪಿಲ್ಲ. ಒಳಗೆಲ್ಲ ಬಿಳಿ ಪುಡಿ ಹಾರುತ್ತಿತ್ತು, ಪಟಾಕಿ ಸುಟ್ಟ ವಾಸನೆ. ಹಾರ್ನು ನಿಲ್ಲದೆ ಬಡಿದುಕೊಳ್ಳುತ್ತಿತ್ತು. ಹೊರಗೆ ಯಾರೋ, "ಒಳಗಿನವ್ರ ಉಳದಿರಾಕಿಲ್ಲಪಾ" ಎನ್ನುತ್ತಿದ್ದರು. ನಾನು ಅದನ್ನು ಬೇರೆ ಯಾರ ಬಗೆಗೋ ಎನ್ನುವಂತೆ ಕೇಳಿದೆ. ಮಗಳ ಅಳು ನಿಂತಿತ್ತು. ತಿರುಗಿ ನೋಡಲು ಬಹಳ ಹೊತ್ತು ಹಿಡಿಯಿತು. ಅವಳು ಬೆಲ್ಟಿನೊಳಗೆ ಕಣ್ಣು ಬಿಟ್ಟುಕೊಂಡು ಕುಳಿತಿದ್ದಳು.

ಬಾಗಿಲು ತೆರೆದು ನಮ್ಮನ್ನು ಒಬ್ಬೊಬ್ಬರನ್ನಾಗಿ ಇಳಿಸಿದರು. ಕಾರಿನ ಮುಂದಿನ ಅರ್ಧ ಕಾಗದ ಮುದುಡಿದಂತೆ ಮುದುಡಿತ್ತು. ತಮ್ಮನ ಕಾಲಿಗೆ ಪೆಟ್ಟಾಗಿತ್ತು. ಬೆಲ್ಟು ಹಿಡಿದ ರಭಸಕ್ಕೆ ಕಾಕುವಿನ ಕೊರಳೆಲುಬು ಮುರಿದಿತ್ತು. ಮಗಳ ಭುಜದ ಮೇಲೆ ಬೆಲ್ಟಿನಗಲ ಒಂದು ಕೆಂಪು ಬರೆ. ಅಷ್ಟೆ.

ಆಸ್ಪತ್ರೆಯಲ್ಲಿ ಎಲ್ಲರೂ ಖುಷಿಯಲ್ಲಿದ್ದರು. ಬಂದವರೆಲ್ಲ ಕಾಕುವನ್ನು ಹೊಗಳಿದರು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಲ್ಲ ಹೋದ ಮೇಲೆ ನನ್ನನ್ನು ಕೇಳಿದರು.

"ಗಾಡಿ ಏನಾಗೇತಿ?"

"ಪೂರಾ ಹೋಗೇತಿ ಕಾಕು. ಏನೂ ಉಳದಿಲ್ಲ."

"ಹೂಂ."

ಗೋಡೆಯ ಕಡೆ ನೋಡುತ್ತಲೇ ಮಾತು ಮುಂದುವರಿಸಿದರು. ದನಿಯಲ್ಲಿ ಏನೂ ಇರಲಿಲ್ಲ, ಹಾಜರಿ ಕರೆದಂತೆ ಇತ್ತು.

"ನಿಮ್ಮ ಕಾಕಾಂದ ಆಯುಷ್ಯ ಅಷ್ಟ ಇತ್ತು ಅಂತ ಎಲ್ಲಾರೂ ಅಂದ್ರು. ನಾನೂ ಹೂಂ ಅಂದಿದ್ದೆ. ಒಳಗ ಸಂಶಯ ಇತ್ತು. ಸಂಶಯ ಇದ್ದಾಗ ಛಲೋ ಇತ್ತವಾ. ಈಗ ಖಾತ್ರಿ ಆತು, ಇಂಥಾ ಗಾಡಿ ಇದ್ದಿದ್ರ ಅವ್ರೂ ಉಳೀತಿದ್ರು."

ನಾನು ಅವರ ಕೈ ಹಿಡಿದುಕೊಂಡು ಕುಳಿತೆ. ಅವರ ಕೈ ನನ್ನ ಕೈಯಲ್ಲಿ ಸುಮ್ಮನೆ ಇತ್ತು, ಹಿಡಿಯಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ.

ಎಲುಬು ಕೂಡಿತು. ಮತ್ತೆ ಶಾಲೆಗೆ ಹೋದರು, ರೊಟ್ಟಿ ಬಡಿದರು. ಆದರೆ ಅವತ್ತಿನಿಂದ ಅವರು ಕಾಕಾನ ಮಾತು ಆಡುವುದನ್ನು ಬಿಟ್ಟರು. ಅದಕ್ಕೂ ಮುಂಚೆ ದಿನಕ್ಕೊಮ್ಮೆಯಾದರೂ "ನಿಮ್ಮ ಕಾಕಾ ಇದ್ದಿದ್ರ ಹಿಂಗ ಅಂತಿದ್ರು" ಎನ್ನುತ್ತಿದ್ದವರು. ಮಗ ಇನ್ನೊಂದು ಕಾರು ತಂದಾಗ ಪೂಜೆಗೆ ನಿಂತರು, ಕಾಯಿ ಒಡೆದರು, ಒಳಗೆ ಹೋದರು. ನಗು ಬಂದಾಗ ಸೆರಗು ಒತ್ತಿಕೊಳ್ಳುವುದೂ ಕಡಿಮೆಯಾಯಿತು. ನಗು ಬರುತ್ತಿರಲಿಲ್ಲ, ಅದಕ್ಕೆ.

ನಿವೃತ್ತಿಯಾದ ಮರುವರ್ಷ ಒಂದು ಬೆಳಗ್ಗೆ ಚಹಾ ಕುಡಿದು ಕಟ್ಟೆಯ ಮೇಲೆ ಕುಳಿತವರು ಹಾಗೇ ಕಂಬಕ್ಕೆ ಒರಗಿದರಂತೆ. ಹೃದಯ ನಿಂತಿತ್ತು. ನಾನು ರಾಯಬಾಗದಿಂದ ಹೋಗುವಷ್ಟರಲ್ಲಿ ಮೈ ತೊಳೆದು ಬಿಳಿ ಸೀರೆ ಉಡಿಸಿ ಕೂರಿಸಿದ್ದರು. ಸೀರೆ ಅವರಿಗೆ ಒಪ್ಪುವ ಬಣ್ಣವಲ್ಲ ಎಂದು ಅನಿಸಿತು. ಅಳು ಬರಲಿಲ್ಲ. ಹೂವು ಇಟ್ಟು, ಬಂದವರಿಗೆ ನೀರು ಕೊಡುತ್ತ ಓಡಾಡಿದೆ. ಇವತ್ತಿಗೂ ನಾನು ಅವರಿಗಾಗಿ ಸರಿಯಾಗಿ ಅತ್ತಿಲ್ಲ.

ಮಗಳು ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಅವಳಿಗೆ ಆ ಮದುವೆಯ ದಾರಿ ನೆನಪಿಲ್ಲ, ಕಾಕುವಿನ ಮುಖವೂ ನೆನಪಿಲ್ಲ. ಈ ವರ್ಷ ನನಗಿಂತ ಎತ್ತರವಾಗಿದ್ದಾಳೆ.